ಅಂಚೆಯಣ್ಣನ ಅರ್ಧ ತಲೆ

ಕ್ರಿಸ್‌ಮಸ್‌ಗೆ ಇನ್ನು ಆರೇ ದಿನ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಬ್ಬರು ಹುಡುಗರು ಮೂಲೆಯ ಕ್ಷೌರದಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದರು. ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಆ ಬೀದಿಯ ಅಂಚೆಯವನು ಕತ್ತಿನವರೆಗೆ ಬಟ್ಟೆ ಹೊದ್ದು ಕೂತಿದ್ದ. ಅವನ ತಲೆಯ ಎಡಭಾಗದಲ್ಲಿ ಕೂದಲು ಹಾಗೇ ಇತ್ತು. ಬಲಭಾಗ ಮಾತ್ರ ಇಲಿ ಕಡಿದ ಚಾಪೆಯಂತಿತ್ತು. ಹಿಂದೆ ನಿಂತಿದ್ದ ಅಂಗಡಿ ಯಜಮಾನನ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಎಡಗೈಯ ಕತ್ತರಿ ನಡುಗುತ್ತಿತ್ತು.

"ಕೂತ್ಕೋಬೇಡಿ, ಅಂಗಡಿ ಮುಚ್ತಿದೀನಿ," ಎಂದ ಯಜಮಾನ, ತಿರುಗಿಯೂ ನೋಡದೆ.

"ಮುಚ್ತೀಯಾ? ನನ್ನ ಗತಿ ಏನೋ?" ಎಂದು ಅಂಚೆಯವನು ಕೂಗಿದ.

"ಟೋಪಿ ಹಾಕ್ಕೋ."

"ಸಂಜೆ ಮಗಳ ಶಾಲೇಲಿ ನಾಟಕ. ಟೋಪಿ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂತ್ಕೊಳ್ಲಾ? ಅವಳು ಮೊದಲೇ ನನ್ನ ಕಂಡ್ರೆ ನಾಚ್ಕೋತಾಳೆ."

ಆಗಿದ್ದಿಷ್ಟು. ಹಿಂದಿನ ದಿನ ಬಾಗಿಲ ಮೇಲೆ ಕಾಗದದ ನಕ್ಷತ್ರ ಕಟ್ಟಲು ಸ್ಟೂಲು ಹತ್ತಿದ್ದ ಯಜಮಾನ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ವರ್ಷದಲ್ಲೇ ಅತಿ ಹೆಚ್ಚು ಗಿರಾಕಿಗಳು ಬರುವ ವಾರ ಅದು. ಎಡಗೈಯಲ್ಲೇ ಒಂದು ಕೈ ನೋಡೋಣ ಎಂದು, ಬೈದರೂ ಬಿಟ್ಟುಹೋಗದ ಹಳೆಯ ಗೆಳೆಯನ ತಲೆಯ ಮೇಲೆ ಪ್ರಯೋಗಕ್ಕಿಳಿದಿದ್ದ.

ಬಂದ ಹುಡುಗರು ಮಾರ್ಮನ್ ಎಂಬ ಕ್ರೈಸ್ತ ಸಭೆಯವರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಬಿಲ್ಲೆಯ ಮೇಲೆ ಹೆಸರಿನ ಮುಂದೆ 'ಎಲ್ಡರ್' ಎಂದಿತ್ತು, ಅಂದರೆ ಹಿರಿಯ. ಇಬ್ಬರಿಗೂ ಇನ್ನೂ ಹತ್ತೊಂಬತ್ತು. ಆ ಸಭೆಯ ಹುಡುಗರು ಎರಡು ವರ್ಷ ಮನೆ ಬಿಟ್ಟು, ಇಬ್ಬಿಬ್ಬರಾಗಿ, ತಮಗೆ ಹೇಳಿದ ಊರಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟಿ ತಮ್ಮ ನಂಬಿಕೆಯ ಮಾತು ಹೇಳಬೇಕು. ಇವರು ಈ ಬೀದಿಗಳಿಗೆ ಬಂದು ಮೂರು ತಿಂಗಳಾಗಿತ್ತು. "ಮೀಸೆ ಮೂಡದ ಹಿರಿಯರು ಬಂದ್ರು" ಎಂದು ನಕ್ಕು ಬಾಗಿಲು ಹಾಕಿಕೊಂಡವರೇ ಹೆಚ್ಚು. ಉದ್ದನೆಯವನನ್ನು ಬೀದಿಯ ಮಕ್ಕಳು ಏಣಿ ಅನ್ನುತ್ತಿದ್ದರು, ಗಿಡ್ಡನೆಯವನನ್ನು ಗುಬ್ಬಿ. ಹಬ್ಬದ ಮುಂಚೆ ಏಣಿಗೆ ಕಟಿಂಗ್ ಮಾಡಿಸಲೆಂದು ಅವತ್ತು ಬಂದಿದ್ದರು.

ಗುಬ್ಬಿ ಅಂಚೆಯವನ ತಲೆಯನ್ನೇ ನೋಡುತ್ತ ನಿಂತ. ಹೊರಟುಹೋಗಬಹುದಿತ್ತು. ಆದರೆ ಕಿವಿಯ ಮೇಲಿನ ಆ ಹಳ್ಳ, ನೆತ್ತಿಯ ಹತ್ತಿರದ ಆ ಮೆಟ್ಟಿಲು ನೋಡಿ ಅವನ ಬೆರಳುಗಳು ತಾವಾಗಿಯೇ ಆಡತೊಡಗಿದವು.

"ಯಜಮಾನ್ರೇ, ನಾನು ಸ್ವಲ್ಪ ನೋಡ್ಲಾ?"

"ನೋಡೋಕೇನು, ಊರೇ ನೋಡ್ತಿದೆ."

"ಅಲ್ಲ, ಸರಿ ಮಾಡ್ಲಾ ಅಂತ."

ಯಜಮಾನ ಈಗ ತಿರುಗಿದ. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಬಾಚಣಿಗೆ ಮತ್ತು ಕತ್ತರಿಯನ್ನು ಮುಂದೆ ಹಿಡಿದ. ಗುಬ್ಬಿ ಹೆಬ್ಬೆರಳನ್ನೂ ಉಂಗುರದ ಬೆರಳನ್ನೂ ಕತ್ತರಿಯ ಕಣ್ಣುಗಳಿಗೆ ತೂರಿಸಿ, ಬರಿಗಾಳಿಯಲ್ಲಿ ಎರಡು ಸಲ ಚಕ್ ಚಕ್ ಎನಿಸಿದ. ಆ ಸದ್ದಿಗೇ ಯಜಮಾನನ ಹುಬ್ಬು ಮೇಲೇರಿತು.

ಇಪ್ಪತ್ತು ನಿಮಿಷ ಕತ್ತರಿ ಒಂದೇ ಸಮನೆ ಓಡಿತು. ಏಣಿ ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದ. ಒಂದೇ ಕೋಣೆಯಲ್ಲಿ ಮೂರು ತಿಂಗಳು ಮಲಗಿ, ಒಂದೇ ಪಾತ್ರೆಯಲ್ಲಿ ಬೇಯಿಸಿ ತಿಂದರೂ ಈ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಗುಬ್ಬಿ ಕತ್ತಿನ ಹಿಂದಕ್ಕೆ ನೊರೆ ಹಚ್ಚಿ, ಬ್ಲೇಡಿನಿಂದ ಅಂಚು ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಕೂದಲು ಕೊಡವಿದ. ಅಂಚೆಯವನು ಕನ್ನಡಿಯಲ್ಲಿ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ.

"ನೋಡೋ," ಎಂದ ಗೆಳೆಯನಿಗೆ, "ನೀನು ಕೈ ಮುರ್ಕೊಂಡಿದ್ದು ಒಳ್ಳೇದೇ ಆಯ್ತು."

"ಎದ್ದು ಹೋಗ್ತೀಯೋ, ಇನ್ನೊಂದು ಕೈಯಲ್ಲಿ ಕೊಡ್ಲೋ?" ಎಂದ ಯಜಮಾನ. ಆಮೇಲೆ ಗುಬ್ಬಿಯ ಕಡೆ ತಿರುಗಿ ದನಿ ತಗ್ಗಿಸಿದ. "ಎಲ್ಲಿ ಕಲ್ತೆ ಮರಿ?"

"ಮನೇಲಿ," ಎಂದ ಗುಬ್ಬಿ. ತಡವರಿಸಿ ಮತ್ತೆ ಬ್ರಷ್ಷು ಕೊಡವತೊಡಗಿದ.

ಅಷ್ಟರಲ್ಲಿ ಬೆಂಚಿನ ಮೇಲೆ ಇನ್ನೂ ಮೂವರು ಬಂದು ಕೂತಿದ್ದರು. ಯಜಮಾನ ಗಲ್ಲ ಕೆರೆದುಕೊಂಡ. "ಹಬ್ಬದವರೆಗೆ ಬೆಳಗಿನ ಹೊತ್ತು ಬರ್ತೀಯಾ? ಆದ್ರೆ ಒಂದು ಮಾತು. ಕುರ್ಚೀಲಿ ಕೂತವನು ಕತ್ತು ನಿನ್ನ ಕೈಲಿ ಕೊಟ್ಟಿರ್ತಾನೆ, ಓಡಿಹೋಗೋಕಾಗಲ್ಲ. ಅಂಥವನ ಕಿವೀಲಿ ಧರ್ಮ ಊದಬಾರದು."

"ಅವರಾಗಿ ಕೇಳದೆ ನಾವು ಹೇಳಲ್ಲ," ಎಂದ ಗುಬ್ಬಿ. "ನಾವು ಕೂಲಿ ತಗೊಳ್ಳೋ ಹಾಗೂ ಇಲ್ಲ. ಆದ್ರೆ ನಮ್ಮ ಹಿರಿಯರನ್ನ ಒಂದು ಮಾತು ಕೇಳಬೇಕು."

"ನಿಮಗಿಂತ ಹಿರಿಯರೂ ಇದಾರಾ!"

ಆ ಪ್ರಾಂತದ ಮಿಷನರಿಗಳನ್ನೆಲ್ಲ ನೋಡಿಕೊಳ್ಳುವ ಅಧ್ಯಕ್ಷರಿಗೆ ಏಣಿ ಅಲ್ಲಿಂದಲೇ ಫೋನ್ ಮಾಡಿದ. ಅಧ್ಯಕ್ಷರು ಪೂರಾ ಕೇಳಿಸಿಕೊಂಡು, "ಕೈ ಮುರಿದವನಿಗೆ ಕೈಯಾಗೋದಕ್ಕೆ ಅಪ್ಪಣೆ ಯಾಕಪ್ಪ? ಬಾಗಿಲು ತಟ್ಟೋದು ಮಧ್ಯಾಹ್ನದ ಮೇಲಿಟ್ಕೊಳಿ. ಇಬ್ಬರೂ ಜೊತೇಲೇ ಇರಿ," ಎಂದರು. ಫೋನ್ ಇಡುವ ಮುಂಚೆ, "ಬ್ಲೇಡು ಹುಷಾರು," ಎಂದೂ ಸೇರಿಸಿದರು.

ಮಧ್ಯಾಹ್ನ ಕೋಣೆಗೆ ನಡೆಯುವಾಗ ಏಣಿ ತಡೆಯಲಾರದೆ ದಾರಿಯ ನಡುವೆಯೇ ನಿಂತ. "ಮೂರು ತಿಂಗಳಿಂದ ಕಂಡಕಂಡವರಿಗೆಲ್ಲ ತಲೆ ಕೊಟ್ಟಿದೀನಿ. ಹೋದ ತಿಂಗಳು ಒಬ್ಬ ನನ್ನ ಕಿವೀನೇ ಕತ್ತರಿಸ್ತಿದ್ದ. ಪಕ್ಕದಲ್ಲೇ ಕೂತಿದ್ದೆಯಲ್ಲೋ, ಬಾಯಿ ಬಿಡೋಕೇನಾಗಿತ್ತು?"

ಗುಬ್ಬಿ ಬೂಟಿನ ತುದಿ ನೋಡುತ್ತ ಹೇಳಿದ. ಅವನ ಅಪ್ಪ ಕ್ಷೌರಿಕ. ಅಜ್ಜನೂ ಅಷ್ಟೇ. ಹನ್ನೆರಡನೇ ವಯಸ್ಸಿನಿಂದ ಶನಿವಾರವೆಲ್ಲ ಇವನು ಅಪ್ಪನ ಅಂಗಡಿಯಲ್ಲೇ. ಶಾಲೆಯಲ್ಲಿ ಹುಡುಗರು ಇವನನ್ನು ಕಂಡರೆ ಎರಡು ಬೆರಳು ಆಡಿಸಿ 'ಕತ್ತರಿ, ಕತ್ತರಿ' ಎನ್ನುತ್ತಿದ್ದರು. ಮನೆ ಬಿಡುವ ಹಿಂದಿನ ದಿನ ಅಪ್ಪ ಇವನ ತಲೆ ಕತ್ತರಿಸುತ್ತಿದ್ದಾಗ, "ವಾಪಸ್ ಬಂದ ಮೇಲೆ ನಾನು ಅಂಗಡಿಗೆ ಬರಲ್ಲ" ಎಂದುಬಿಟ್ಟಿದ್ದ. ಅಪ್ಪ ಬಟ್ಟೆ ಕೊಡವಿ, ಮಡಚಿಟ್ಟು, "ಸರಿ" ಎಂದಿದ್ದರು. ಅಷ್ಟೇ.

"ಆ 'ಸರಿ' ಇನ್ನೂ ಹೊಟ್ಟೇಲಿ ಕಲ್ಲಿನ ಥರ ಇದೆ ಕಣೋ," ಎಂದ ಗುಬ್ಬಿ.

ಏಣಿ ಅವನ ಹೆಗಲ ಮೇಲೆ ಕೈ ಹಾಕಿದ. "ನಿಮ್ಮಪ್ಪ ಬೈದಿದ್ರೆ ಇಷ್ಟು ಹೊತ್ತಿಗೆ ಮರ್ತಿರ್ತಿದ್ದೆ. ನಡಿ, ಮೊದಲು ನನ್ನ ತಲೆ ನೋಡು. ಈ ಸಲ ಎರಡು ಕಿವೀನೂ ಬೇಕು ನಂಗೆ."

ಮರುದಿನದಿಂದ ಅಂಗಡಿ ಗಿಜಿಗುಟ್ಟಿತು. ಅಂಚೆಯವನು ಕಾಗದಗಳ ಜೊತೆ ಸುದ್ದಿಯನ್ನೂ ಮನೆಮನೆಗೆ ಹಂಚಿಬಿಟ್ಟಿದ್ದ. ಗುಬ್ಬಿ ಟೈಯ ತುದಿಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿಕೊಂಡು, ಯಜಮಾನನ ಏಪ್ರನ್ನನ್ನು ಎರಡು ಸುತ್ತು ಸುತ್ತಿಕೊಂಡು ನಿಂತ. ಯಜಮಾನ ಬೆನ್ನ ಹಿಂದೆಯೇ ಕಾವಲು: "ಇವರಿಗೆ ಎಡಗಡೆ ಸುಳಿ ಇದೆ, ನೀರು ಹಾಕು. ಇವರ ಮುಂದಲೆ ಮುಟ್ಟಬೇಡ, ಇರೋದೇ ನಾಲ್ಕೆಳೆ." ಏಣಿಗೆ ಗುಡಿಸುವ ಕೆಲಸ. ಅವನು ಗುಡಿಸಿದರೆ ಕೂದಲು ಮೂಲೆಯಿಂದ ಮೂಲೆಗೆ ಪ್ರವಾಸ ಹೋಗುತ್ತಿತ್ತೇ ಹೊರತು ಮೊರಕ್ಕೆ ಬೀಳುತ್ತಿರಲಿಲ್ಲ. ಅಂಗಡಿಯ ಮೇಲಿನ ಮನೆಯಿಂದ ಇಳಿದು ಬಂದ ಯಜಮಾನಿ ಅದನ್ನು ನೋಡಲಾರದೆ ಪೊರಕೆ ಕಿತ್ತುಕೊಂಡು, ಬಿಸಿ ಟವೆಲು ಹಿಂಡುವ ಕೆಲಸ ಕೊಟ್ಟರು. ಕಾಫಿ ಕೊಟ್ಟರೆ ಇಬ್ಬರೂ ಬೇಡ ಎಂದರು. ತಮ್ಮ ಸಭೆಯವರು ಕಾಫಿ, ಚಹಾ ಮುಟ್ಟುವುದಿಲ್ಲ ಎಂದರು. "ಹಾಲಾದ್ರೂ ಕುಡೀತೀರೋ, ಅದನ್ನೂ ಕರುವಿಗೇ ಬಿಟ್ಟಿದೀರೋ?" ಎಂದು ಆಕೆ ದೊಡ್ಡ ಲೋಟಗಳಲ್ಲಿ ಹಾಲು ತಂದಿಟ್ಟರು.

ಮೂರನೆಯ ದಿನ ಬಸ್ಸಿನ ಡ್ರೈವರೊಬ್ಬ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಗುಬ್ಬಿಯನ್ನೇ ದಿಟ್ಟಿಸಿದ. "ನಿನ್ನ ಎಲ್ಲೋ ನೋಡಿದೀನಲ್ಲ?"

"ಹೋದ ಮಂಗಳವಾರ ಅಣ್ಣ. ನೀವು ನಮ್ಮ ಮುಖದ ಮೇಲೆ ಬಾಗಿಲು ಹಾಕಿದ್ರಿ."

ಬೆಂಚೆಲ್ಲ ಗೊಳ್ಳೆಂದು ನಕ್ಕಿತು. ಡ್ರೈವರನ ಕಿವಿ ಕೆಂಪಾಯಿತು. "ಅದು... ಒಲೆ ಮೇಲೆ ಪಾತ್ರೆ ಇಟ್ಟಿದ್ದೆ."

"ಹೌದೌದು, ಸೀದ ವಾಸನೆ ಬರ್ತಿತ್ತು," ಎಂದು ಏಣಿ ಟವೆಲು ಹಿಂಡುತ್ತಲೇ ಅವನ ಮಾನ ಕಾಪಾಡಿದ. ಡ್ರೈವರೂ ನಕ್ಕ. ಆಮೇಲೆ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಚೆಲ್ಲಿದ.

ಆ ಕ್ಷಣ ಗುಬ್ಬಿಗೆ ಏನೋ ಅನ್ನಿಸಿತು. ಮೂರು ತಿಂಗಳು ಈ ಜನರ ಮುಖ ನೋಡಲು ಪರದಾಡಿದ್ದ. ಈಗ ಅವರೇ ಬಂದು, ಕಣ್ಣು ಮುಚ್ಚಿ, ಗಂಟಲನ್ನೇ ಅವನ ಕೈಗೆ ಒಪ್ಪಿಸುತ್ತಿದ್ದರು. ಸುಸ್ತಾದ ತಲೆಗಳು, ಗಾಯದ ಗುರುತಿದ್ದ ತಲೆಗಳು, ನರೆಯನ್ನು ಮುಚ್ಚಿಡಲು ನೋಡುವ ತಲೆಗಳು. ಅಪ್ಪ ನಲವತ್ತು ವರ್ಷದಿಂದ ಇದನ್ನೇ ಹಿಡಿದುಕೊಂಡು ನಿಂತಿದ್ದಾರಲ್ಲ ಎಂದುಕೊಂಡ. ಕೈ ಹಗುರವಾಗಿ ಓಡಿತು.

ಸಂಜೆ ಅವರು ಬಾಗಿಲು ತಟ್ಟಲು ಹೊರಟರೆ ಬೀದಿಯೇ ಬೇರೆಯಾಗಿತ್ತು. "ಬನ್ರೋ ಒಳಗೆ, ಚಳಿ" ಎಂದವರಿದ್ದರು. ಒಬ್ಬ ಬೇಕರಿಯವ ಅವರು ಮನೆಮನೆಗೆ ಕೊಡುವ ನೀಲಿ ಹೊದಿಕೆಯ ಧರ್ಮಗ್ರಂಥವನ್ನು ಕೈಗೆ ತೆಗೆದುಕೊಂಡು, ಓದುವ ಮಾತಾಡದಿದ್ದರೂ, ಹಿಟ್ಟು ತಾಗದ ಕಡೆ ಜೋಪಾನವಾಗಿಟ್ಟ. ಸಭೆಗೆ ಸೇರುತ್ತೇವೆ ಎಂದವರು ಯಾರೂ ಇಲ್ಲ. ಆದರೂ ಇಬ್ಬರೂ ಕುಣಿಯುತ್ತಲೇ ಕೋಣೆಗೆ ಬಂದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಯಜಮಾನ ಸಣ್ಣ ಚೀಲ ಹೆಗಲಿಗೇರಿಸಿ, "ಇವತ್ತು ಒಂದು ಮನೆಗೆ ಹೋಗೋದಿದೆ," ಎಂದ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬಂಟಿ ಮುದುಕಿಯಿದ್ದಳು. ಒಂದು ಕಾಲಕ್ಕೆ ಬಟ್ಟೆ ಹೊಲಿಯುವವಳು. ಮಂಡಿನೋವಿನಿಂದ ಎರಡು ವರ್ಷದಿಂದ ಕೆಳಗಿಳಿದಿರಲಿಲ್ಲ. ಪ್ರತಿ ಹಬ್ಬಕ್ಕೂ ಯಜಮಾನನೇ ಹೋಗಿ ಅವಳ ಕೂದಲು ಸರಿಮಾಡಿ ಬರುತ್ತಿದ್ದ.

ಬಾಗಿಲು ನೋಡಿದ ಏಣಿ ಗುಬ್ಬಿಯ ಕಿವಿಯಲ್ಲಿ, "ನಾವು ಬಾಗಿಲು ತಟ್ಟಿದಾಗ ಒಳಗಿಂದಲೇ 'ತೊಲಗಿ' ಅಂದಿದ್ದು ಇವರೇ," ಎಂದ.

ಮುದುಕಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಗುಬ್ಬಿ ಬೆಳ್ಳಗಿನ ಆ ತೆಳುಗೂದಲನ್ನು ಒದ್ದೆ ಮಾಡಿ, ಗಂಟು ಬಿಡಿಸಿ, ಒಂದೊಂದೇ ಎಳೆ ಹಿಡಿದು ಸಮ ಮಾಡಿದ. ಮುದುಕಿ ಕಿವಿಗೊಟ್ಟು ಕೇಳುತ್ತಿದ್ದಳು.

"ಕತ್ತರಿ ಹಿಡಿದವರ ಕೈ ನಂಗೆ ಸದ್ದಿನಲ್ಲೇ ಗೊತ್ತಾಗತ್ತೆ," ಎಂದಳು. "ಅವಸರ ಇಲ್ಲ, ಅನುಮಾನಾನೂ ಇಲ್ಲ. ಯಾರು ಮಗಾ ಕಲಿಸಿದ್ದು?"

ಗುಬ್ಬಿ ಈ ಸಲ ತಡವರಿಸಲಿಲ್ಲ. "ನಮ್ಮಪ್ಪ ಕಲಿಸಿದ್ದು ಅಜ್ಜಿ. ಅವರು ಕ್ಷೌರಿಕರು. ನಮ್ಮೂರಲ್ಲಿ ಅವರ ಹಾಗೆ ಕತ್ತರಿ ಆಡಿಸೋರು ಇನ್ನೊಬ್ಬರಿಲ್ಲ."

ಯಜಮಾನ ಪ್ಲಾಸ್ಟರು ಹಾಕಿದ ಕೈಯಿಂದಲೇ ತೊಡೆ ತಟ್ಟಿಕೊಂಡು, ನೋವಿಗೆ 'ಅಯ್ಯೋ' ಎಂದ. "ಮೊದಲ ದಿನವೇ ಅಂದ್ಕೊಂಡೆ!"

ಮುದುಕಿ ಕೈಗನ್ನಡಿಯಲ್ಲಿ ತನ್ನನ್ನು ಬಹಳ ಹೊತ್ತು ನೋಡಿಕೊಂಡಳು. ಆಮೇಲೆ, "ನೀವು ಹೇಳೋ ಧರ್ಮಗಿರ್ಮ ನಂಗೆ ಬೇಡ. ಹಾಡೋಕೆ ಬರತ್ತಾ?" ಎಂದಳು. ಇಬ್ಬರೂ ಹಾಡಿದರು, ಯೇಸು ಹುಟ್ಟಿದ ರಾತ್ರಿಯ ಹಾಡು. ಗುಬ್ಬಿಯ ದನಿ ಚೆನ್ನಾಗಿತ್ತು. ಏಣಿಯದು ಬಾವಿಗೆ ಬಿದ್ದ ಬಿಂದಿಗೆಯ ಹಾಗಿತ್ತು. ಎರಡನೆಯ ಸಾಲಿಗೆ ಮುದುಕಿಯೂ ಸೇರಿಕೊಂಡಳು. ಹಾಡು ಮುಗಿದ ಮೇಲೆ, "ಇನ್ನೊಂದು," ಎಂದು ಅಪ್ಪಣೆ ಮಾಡಿದಳು. ಹೀಗೆ ಆರು ಹಾಡಾಯಿತು.

ಇಳಿದು ಬಂದಾಗ ಅಂಗಡಿ ಖಾಲಿ. ಯಜಮಾನ ತಾನೇ ಹೋಗಿ ಕುರ್ಚಿಯಲ್ಲಿ ಕೂತ. "ಈ ತಲೇನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ, ನಾನೇ ಎರಡು ಕನ್ನಡಿ ಇಟ್ಕೊಂಡು ಮಾಡ್ಕೋತಿದ್ದೆ. ಬಾ, ಏನಾಗತ್ತೋ ಆಗಲಿ." ಗುಬ್ಬಿ ಬಾಚಣಿಗೆಯನ್ನು ಎರಡೆರಡು ಸಲ ತೊಳೆದು ಕೆಲಸಕ್ಕಿಳಿದ. ಮುಗಿದ ಮೇಲೆ ಯಜಮಾನ ಹೊಗಳಲಿಲ್ಲ. "ನಾಳೆ ಮಧ್ಯಾಹ್ನ ನಮ್ಮಲ್ಲೇ ಊಟ," ಎಂದ.

ಕ್ರಿಸ್‌ಮಸ್ ಬೆಳಿಗ್ಗೆ ಸಭೆಯವರೊಡನೆ ಹಾಡಿ, ಪ್ರಾರ್ಥಿಸಿ, ಹುಡುಗರು ಅಂಗಡಿಯ ಮೇಲಿನ ಮನೆಗೆ ಬಂದರು. ಅಂಚೆಯವನೂ ಹೆಂಡತಿ ಮಗಳೊಡನೆ ಬಂದಿದ್ದ. ಹೊಟ್ಟೆ ಬಿರಿಯುವಷ್ಟು ಊಟವಾಯಿತು. ವಾರಕ್ಕೊಮ್ಮೆ ಮನೆಗೆ ಮಾತಾಡಲು ಇವರಿಗೆ ಅವಕಾಶವಿತ್ತು. ಗುಬ್ಬಿ ಆ ವಾರದ್ದನ್ನು ಹಬ್ಬಕ್ಕೆಂದೇ ಉಳಿಸಿಕೊಂಡಿದ್ದ. ಫೋನನ್ನು ಹೂಜಿಗೆ ಒರಗಿಸಿಟ್ಟ. ಪರದೆಯ ಮೇಲೆ ಅವ್ವ ಕಾಣಿಸಿದಳು, ಪಕ್ಕದಲ್ಲಿ ಅರ್ಧ ಮುಖದ ಅಪ್ಪ.

ಗುಬ್ಬಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕೊನೆಗೆ, "ಅಪ್ಪ, ನೀವು ಕಲಿಸಿದ್ದೇ ಇಲ್ಲಿ ಕೈ ಹಿಡೀತು. ಹೋಗೋ ಮುಂಚೆ ನಾನು ಹಾಗನ್ನಬಾರದಿತ್ತು," ಎಂದ.

ಅಪ್ಪ ಫೋನಿಗೆ ಮುಖ ಹತ್ತಿರ ತಂದು ಕಣ್ಣು ಕಿರಿದು ಮಾಡಿ, "ಹಿಂದೆ ಕೂತಿದಾರಲ್ಲ, ಆ ತಲೆ ನಿಂದಾ?" ಎಂದರು.

"ಹೌದಪ್ಪ. ಅವರೇ ಅಂಗಡಿ ಯಜಮಾನ್ರು."

"ಸ್ವಲ್ಪ ತಿರುಗಕ್ಕೆ ಹೇಳು."

ಯಜಮಾನ ಶಾಲೆಯ ಹುಡುಗನಂತೆ ಎದ್ದು ಬಂದು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ ತೋರಿಸಿದ. ಮೇಜಿನ ಸುತ್ತ ಇದ್ದವರೆಲ್ಲ ಫೋನಿನತ್ತ ಬಾಗಿದರು.

"ಬಲಗಿವಿ ಮೇಲೆ ಒಂದೆಳೆ ಜಾಸ್ತಿ ತೆಗೆದಿದಾನೆ," ಎಂದರು ಅಪ್ಪ. "ಉಳಿದಿದ್ದು ಚೆನ್ನಾಗಿದೆ. ಬಹಳ ಚೆನ್ನಾಗಿದೆ."

"ಕಣ್ಣು ಒರೆಸ್ಕೋತಿದಾರೆ ನೋಡೋ ನಿಮ್ಮಪ್ಪ!" ಎಂದು ಅವ್ವ ಗುಟ್ಟು ಬಿಟ್ಟುಕೊಟ್ಟಳು.

"ಕೂದಲು ಬಿತ್ತು ಕಣ್ಣಿಗೆ," ಎಂದರು ಅಪ್ಪ.

"ಹಬ್ಬದ ದಿನ ಎಲ್ಲಿಂದ ಬಂತ್ರೀ ಕೂದಲು?"

ಗುಬ್ಬಿ ನಗುತ್ತ ಅತ್ತ, ಅಳುತ್ತ ನಕ್ಕ. ಹೊಟ್ಟೆಯೊಳಗಿನ ಕಲ್ಲು ಯಾವಾಗ ಕರಗಿತೋ ಅವನಿಗೇ ತಿಳಿಯಲಿಲ್ಲ. ಯಜಮಾನ ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತೇಬಿಟ್ಟ. "ಸ್ವಾಮಿ, ನೀವು ಕತ್ತರಿಗೆ ಸಾಣೆ ನೀವೇ ಹಿಡೀತೀರೋ, ಹೊರಗೆ ಕೊಡ್ತೀರೋ?"

"ಹೊರಗೆ ಕೊಡೋದಾ! ಹೆತ್ತ ಮಗೂನ ಯಾರಾದ್ರೂ ಹೊರಗೆ ಕೊಡ್ತಾರಾ?" ಎಂದರು ಅಪ್ಪ.

ಅಲ್ಲಿಗೆ ಮುಗಿಯಿತು. ಸಾಣೆಕಲ್ಲು, ಅದರ ಎಣ್ಣೆ, ಸುಳಿ ಇರುವ ತಲೆಗಳು, ನಿದ್ದೆ ಹೋಗುವ ಗಿರಾಕಿಗಳು, ಇಬ್ಬರ ಮಾತಿಗೂ ತಡೆಯೇ ಇಲ್ಲ. ಏಣಿ ಮೂರನೇ ಸಲ ಕೇಕು ಹಾಕಿಸಿಕೊಂಡ. ಅಂಚೆಯವನ ಮಗಳು ಕೂತಲ್ಲೇ ಆಕಳಿಸಿದಳು. ಫೋನಿನ ಒಳಗಿನಿಂದ ಅವ್ವನ ಕೂಗು ಬರುತ್ತಲೇ ಇತ್ತು: "ಸಾಕು ಬಿಡ್ರೀ ನಿಮ್ಮ ಸಾಣೆ ಪುರಾಣ! ನನ್ನ ಮಗನ ಮುಖ ನಂಗೂ ಸ್ವಲ್ಪ ತೋರಿಸ್ರೀ!"