ವಿಮಲಾಳ ದನಿಗೆ ತಿಂಗಳ ಬಾಡಿಗೆ

ತಮಿಳರ ಆಡಿ ತಿಂಗಳು ಹುಟ್ಟಿತೆಂದರೆ ವಿಮಲಾಳಿಗೆ ಮದ್ರಾಸಿನ ಪುರಸೈವಾಕ್ಕಂ ಬೀದಿಗೆ ತರಕಾರಿ ತರಲು ಹೋಗುವುದೇ ಒಂದು ಪೇಚಾಟ. ಅವಳ ಕರಾವಳಿಯ ಊರಿನ ಕಡೆ ಇದನ್ನು ಆಟಿ ಎನ್ನುತ್ತಾರೆ, ಆ ತಿಂಗಳಲ್ಲಿ ಹೊಸ ಬಟ್ಟೆ ಕೊಳ್ಳುವವರೇ ಇಲ್ಲ. ಇಲ್ಲಿ ನೋಡಿದರೆ ಅದೇ ತಿಂಗಳು ಜವಳಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದ ನಡುವೆ ಪೊನ್ಮಣಿ ಸಿಲ್ಕ್ಸ್ ಅಂಗಡಿಯ ಬಾಗಿಲ ಮೇಲಿನ ಸ್ಪೀಕರಿನಿಂದ ಅವಳದೇ ದನಿ "ಆಡಿ ವಂದಾಚು, ಅಕ್ಕಾ ವಾಂಗ" ಎಂದು, ಆಡಿ ಬಂತು ಬನ್ನಿ ಅಕ್ಕಾ ಎಂದು, ತಮಿಳಿನಲ್ಲಿ ಹಾಡುತ್ತ ಊರಿಗೆ ಊರನ್ನೇ ಕರೆಯುತ್ತಿರುತ್ತದೆ. ಒಂಬತ್ತು ವರ್ಷದ ಹಿಂದೆ ಗಂಡ ರಘುರಾಮ ಆ ಜಾಹೀರಾತಿಗೆ ರಾಗ ಹಾಕಿ, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದ್ದ.

ಮೊದಮೊದಲು ಕೊತ್ತಂಬರಿ ಮಾರುವವಳು "ಹಾಡ್ತಿರೋದು ನೀವೇ ತಾನೆ" ಎಂದು ಕೇಳಿದರೆ ವಿಮಲಾ ನಾಚಿ ನಗುತ್ತಿದ್ದಳು. ಈಗ ನಗುವುದಿಲ್ಲ. ಮೂರು ವರ್ಷದ ಹಿಂದೆ ಥೈರಾಯ್ಡಿನ ಗಡ್ಡೆ ತೆಗೆಸಿಕೊಂಡ ಮೇಲೆ ಅವಳ ದನಿ ಕೆಳಗಿಳಿದು ಒರಟಾಗಿಬಿಟ್ಟಿತು. ಜೀವ ಉಳಿಯಿತಲ್ಲ, ಅದು ದೊಡ್ಡದು ಎಂದು ಎಲ್ಲರೂ ಹೇಳಿದರು, ಅವಳೂ ಹೇಳಿಕೊಂಡಳು. ಆದರೆ ಮೇಲಿನ ಸ್ವರ ಮುಟ್ಟಹೋದರೆ ಗಂಟಲು ಸೀಳಿದಂತಾಗಿ ಕೆಮ್ಮು ಬರುತ್ತದೆ. ಅವಳ ಹಳೆಯ ದನಿ ಉಳಿದಿರುವುದು ಎರಡೇ ಕಡೆ. ಒಂದು, ಈ ಬೀದಿಯ ಸ್ಪೀಕರಿನಲ್ಲಿ. ಇನ್ನೊಂದು, ರಘುರಾಮನ ಕಂಪ್ಯೂಟರಿನಲ್ಲಿ. ಅವಳು ಬಿಡುವಾದಾಗಲೆಲ್ಲ ಹಾಡಿಟ್ಟ ದೇವರನಾಮಗಳು, ಅಮ್ಮನಿಂದ ಕಲಿತ ಆರತಿ ಹಾಡುಗಳು, ಎಲ್ಲ ಅದರಲ್ಲೇ ಇದ್ದವು.

ಇದ್ದವು ಎಂದು ಅವಳು ನಂಬಿದ್ದಳು. ಆ ಬುಧವಾರ ಬೆಳಗ್ಗೆ ರಘುರಾಮ ತನ್ನ ಕೋಣೆಯಿಂದ ಕೂಗಿಕೊಂಡದ್ದು ಕೇಳಿ ಅವಳು ಸೌಟು ಹಿಡಿದುಕೊಂಡೇ ಓಡಿದಳು.

"ನೋಡು ಮಾರಾಯ್ತಿ ಇದರ ಅನ್ಯಾಯ! ತೆರೆಯುವುದೇ ಇಲ್ಲ ಅಂತದೆ!"

ಪರದೆಯ ಮೇಲೆ ನಗುಮುಖದ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು. ರಘುರಾಮ ಹಾಡು ಧ್ವನಿಮುದ್ರಿಸಿ ಹೊಂದಿಸುವ ಸಾಫ್ಟ್‌ವೇರನ್ನು ಒಂದೇ ಸಲ ಪೂರ್ತಿ ದುಡ್ಡು ಕೊಟ್ಟು ಕೊಂಡಿದ್ದ. ಜೀವಮಾನದ ಲೈಸೆನ್ಸ್ ಎಂದು ಆಗ ದೊಡ್ಡದಾಗಿ ಬರೆದಿದ್ದರು. ಈಗ ಆ ಕಂಪನಿಯನ್ನು ಇನ್ಯಾವುದೋ ಕಂಪನಿ ಕೊಂಡಿತ್ತು. ಜೀವಮಾನ ಎಂದರೆ ಆ ಆವೃತ್ತಿಯ ಜೀವಮಾನ, ಅದರ ಆಯುಷ್ಯ ಮುಗಿಯಿತು, ಇನ್ನು ತಿಂಗಳು ತಿಂಗಳು ಚಂದಾ ಕಟ್ಟಿದರೆ ಮಾತ್ರ ನಿಮ್ಮ ಫೈಲುಗಳು ತೆರೆಯುತ್ತವೆ ಎಂದು ಹೊಸ ಯಜಮಾನರು ಬಲು ವಿನಯದಿಂದ ತಿಳಿಸಿದ್ದರು. ಸಹಾಯಕ್ಕೆಂದು ಕೊಟ್ಟ ಜಾಗದಲ್ಲಿ ಬರೆದರೆ ಅತ್ತ ಮನುಷ್ಯರೇ ಇಲ್ಲ. "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ" ಎಂಬ ಒಂದೇ ಮಾತು ಮತ್ತೆ ಮತ್ತೆ ಮೂಡುತ್ತಿತ್ತು. ಅರ್ಥವಾಗುತ್ತದಂತೆ! ಕನ್ನ ಹಾಕಿದವನೇ ಬಾಗಿಲಿಗೆ ಬಂದು ಸಮಾಧಾನ ಹೇಳಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

"ತ್ರಿಪ್ಲಿಕೇನ್‌ನಲ್ಲಿ ನಿನ್ನ ಅಪ್ಪಯ್ಯನ ಹೋಟೆಲಿಗೆ ರುಬ್ಬುವ ಕಲ್ಲು ತಂದದ್ದು ನೆನಪುಂಟಾ?" ರಘುರಾಮ ಎದ್ದು ನಿಂತೇ ಭಾಷಣ ಶುರುಮಾಡಿದ. ಮದುವೆಗೆ ಮುಂಚೆ ಆ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವನು ಅವನು. "ಕಲ್ಲುಕುಟಿಗ ದುಡ್ಡು ತಕ್ಕೊಂಡ, ಹೋದ. ಹೋದವ ಹೋದ! ತಿಂಗಳಿಗೊಮ್ಮೆ ಬಂದು, ಬಾಡಿಗೆ ಕೊಡದಿದ್ರೆ ಉದ್ದು ರುಬ್ಲಿಕ್ಕೆ ಬಿಡುದಿಲ್ಲ ಅಂತ ಕಲ್ಲಿನ ಮೇಲೆ ಕೂತ್ಕೊಂಡನಾ? ಒಮ್ಮೆ ಕೊಟ್ಟು ಕೊಂಡದ್ದು ನಂದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಆಯ್ತು ನನ್ನ ಕತೆ. ಪ್ರಾಣ ಹೋದ್ರೂ ಒಂದು ಕಾಸು ಬಿಚ್ಚುದಿಲ್ಲ ಇವರಿಗೆ!"

ಸರಿಯಾಗಿಯೇ ಹೇಳಿದ್ದ. ವಿಮಲಾಳೂ ಅವನ ಜೊತೆ ನಿಂತು ಆ ಕಂಪನಿಯವರಿಗೆ ನಾಲ್ಕು ಶಾಪ ಹಾಕಿದಳು. ಆಮೇಲೆ ಅವಳಿಗೆ ಹೊಳೆಯಿತು.

"ನನ್ನ ಹಾಡುಗಳು?"

"ಅದೂ ಇದರಲ್ಲೇ."

"ಬೇರೆ ತೆಗೆದಿಡ್ತೇನೆ ಅಂದಿದ್ರಲ್ಲ. ಫೋನಲ್ಲಿ ಕೇಳ್ಲಿಕ್ಕೆ ಆಗುವ ಹಾಗೆ ಮಾಡಿ ಕೊಡ್ತೇನೆ ಅಂದಿದ್ರಲ್ಲ!"

ರಘುರಾಮ ಕೊರಳು ತುರಿಸಿಕೊಂಡ. ಇವತ್ತು ನಾಳೆ ಎನ್ನುತ್ತ ಉಳಿದುಹೋಗಿತ್ತಂತೆ. ಊರವರ ಜಾಹೀರಾತನ್ನೆಲ್ಲ ಹೇಳಿದ ಹೊತ್ತಿಗೆ ತೆಗೆದು ಕೊಡುವ ಮಹಾರಾಯ, ಹೆಂಡತಿಯ ಹಾಡಿಗೆ ಮಾತ್ರ ಪುರುಸೊತ್ತಿಲ್ಲ. ಊರಿಗೆ ಉಪಕಾರಿ ಎಂದು ಸುಮ್ಮನೆ ಹೇಳುತ್ತಾರೆಯೇ?

"ಹಾಗಾದ್ರೆ ಒಂದು ತಿಂಗಳ ದುಡ್ಡು ಕಟ್ಟಿ. ತೆರೆದು ಎಲ್ಲ ಹೊರಗೆ ತೆಗೀರಿ."

"ಕಟ್ಟಿದ್ರೆ ಸೋತ ಹಾಗೆ, ಗೊತ್ತುಂಟಾ? ತತ್ವದ ಪ್ರಶ್ನೆ ಇದು."

"ತತ್ವ ನಿಮ್ಮದು, ದನಿ ನಂದು! ಅದನ್ನು..." ವಿಮಲಾ ಕೂಗಹೋದಳು, ಗಂಟಲು ಒಡೆದು ಮಾತು ಅರ್ಧಕ್ಕೆ ನಿಂತಿತು.

ಅಷ್ಟರಲ್ಲಿ ಪೊನ್ಮಣಿ ಸಿಲ್ಕ್ಸ್‌ನ ಜಯರಾಮರ ಫೋನು ಬಂತು. ಕೀಲ್ಪಾಕಿನಲ್ಲಿ ಅವರ ಹೊಸ ಅಂಗಡಿ ತೆರೆಯುವುದಿತ್ತು. ಹಳೆಯ ಜಾಹೀರಾತಿಗೆ ಎರಡು ಸಾಲು ಸೇರಿಸಿ ಕೊಡಬೇಕಿತ್ತು. ರಘುರಾಮ ತನ್ನ ಗೋಳನ್ನೆಲ್ಲ, ರುಬ್ಬುವ ಕಲ್ಲಿನ ಸಮೇತ, ಅವರ ಕಿವಿಗೂ ಸುರಿದ. ಆ ಕಡೆಯಿಂದ ನಗು ಕೇಳಿಸಿತು. "ಪರವಾಯಿಲ್ಲೆ ಸಾರ್. ಟೆನ್ಷನ್ ಬೇಡ. ಅಂಗಡಿಗೆ ಬನ್ನಿ, ಒಂದು ವಿಷಯ ತೋರಿಸ್ತೀನಿ."

ಜಯರಾಮರ ಮನೆಮಾತು ಕನ್ನಡವೇ. ಆದರೆ ನಾಲ್ಕು ತಲೆಮಾರು ಸೇಲಂನಲ್ಲಿ ಕಳೆದು ಮದ್ರಾಸಿಗೆ ಬಂದ ಕನ್ನಡ ಅದು, ತಮಿಳಿನಲ್ಲಿ ಚೆನ್ನಾಗಿ ನೆಂದಿತ್ತು. ಇಬ್ಬರನ್ನೂ ಕೂರಿಸಿ ಕಾಪಿ ತರಿಸಿದರು. ಆಮೇಲೆ ತಮ್ಮ ಫೋನು ತೆಗೆದು ಮೇಜಿನ ಮೇಲಿಟ್ಟರು.

ಫೋನಿನಿಂದ ವಿಮಲಾ ಮಾತಾಡಿದಳು. ಕೀಲ್ಪಾಕಿನ ಹೊಸ ಅಂಗಡಿಗೆ ಬನ್ನಿ, ಒಂದು ಕೊಂಡರೆ ಒಂದು ಉಚಿತ, ಈ ಬೆಲೆ ಬೇರೆಲ್ಲೂ ಇಲ್ಲ ಎಂದು ತಮಿಳಿನಲ್ಲಿ, ಅದೇ ಹಳೆಯ ಎಳೆಯ ದನಿಯಲ್ಲಿ, ಕೊನೆಯಲ್ಲೊಂದು ಕಿರುನಗೆಯನ್ನೂ ಸೇರಿಸಿ ಕರೆದಳು. ಈ ಮಾತನ್ನು ವಿಮಲಾ ಜನ್ಮದಲ್ಲಿ ಆಡಿರಲಿಲ್ಲ.

"ಹೇಗಿದೆ? ನಮ್ಮ ಮಾಪಿಳ್ಳೆ, ಅದೇ ಅಳಿಯ, ಮಿಷಿನ್‌ಗೆ ನಿಮ್ಮ ಹಾಡು ಕೊಟ್ಟ, ಆ ಪಾಟು ಕೇಳಿ ಅದು ನಿಮ್ಮ ದನಿ ಕಲ್ತುಬಿಡ್ತು. ಇನ್ನು ಏನು ಬೇಕಿದ್ರೂ ಹೇಳಿಸ್ಬಹುದು. ನಿಮಗೂ ಶ್ರಮ ಇಲ್ಲ," ಎಂದರು ಜಯರಾಮ.

"ಅದನ್ನು ನಿಲ್ಲಿಸಿ," ಎಂದಳು ವಿಮಲಾ.

"ಏನಮ್ಮಾ?"

"ನಿಲ್ಲಿಸಿ ಅಂದೆ! ನಾನು ಹೇಳದ ಮಾತನ್ನು ನನ್ನ ಬಾಯಲ್ಲಿ ಹೇಳಿಸ್ಲಿಕ್ಕೆ ನಿಮಗೆ ಯಾರು ಅಧಿಕಾರ ಕೊಟ್ಟದ್ದು?"

ಜಯರಾಮರು ಸಿಟ್ಟಾಗಲಿಲ್ಲ. ವ್ಯಾಪಾರಸ್ಥರು, ಸಿಟ್ಟಾದರೆ ನಡೆಯುವುದಿಲ್ಲ. ರಘುರಾಮನ ಕಡೆ ತಿರುಗಿ ಕೈ ಚಾಚಿದರು. "ಸಾರ್, ಬೆಳಗ್ಗೆ ಫೋನಲ್ಲಿ ನೀವೇ ತಾನೆ ಹೇಳಿದ್ದು? ಒಂದು ಸಲ ಕಾಸು ಕೊಟ್ಟು ತಗೊಂಡ್ರೆ ಅದು ನಂದು, ಆಮೇಲೆ ಯಾರೂ ಬಂದು ಕಲ್ಲಿನ ಮೇಲೆ ಕೂರಬಾರದು ಅಂತ. ನಾನೂ ಕಾಸು ಕೊಟ್ಟೆ. ನಾನೂ ತಗೊಂಡೆ. ಅವ್ವಳವು ತಾನ್, ಅಷ್ಟೇ."

ಬೆಳಗಿನಿಂದ ಬಾಯಿ ಮುಚ್ಚದ ರಘುರಾಮ ಈಗ ಬಾಯಿ ತೆರೆಯಲಿಲ್ಲ. ತೆರೆದರೆ ತನ್ನ ಮಾತೇ ತನಗೆ ಅಡ್ಡ ಬರುತ್ತಿತ್ತು. ಗಂಡ ಏನಾದರೂ ಹೇಳಿಯಾನೆಂದು ವಿಮಲಾ ಕಾದಳು. ಅವನು ಲೋಟದ ತಳ ನೋಡುತ್ತ ಕೂತ. ಅವಳ ಸಿಟ್ಟು ನೆತ್ತಿಗೇರಿತು.

"ಹಾಡು ಕೊಂಡಿದ್ದೀರಿ, ಹಾಕಿಕೊಳ್ಳಿ. ಇನ್ನೂ ಒಂಬತ್ತು ವರ್ಷ ಹಾಕಿ, ನಾನು ಕೇಳುದಿಲ್ಲ. ಬಾಯಿ ಕೊಂಡಿಲ್ಲ ನೀವು! ನಾಳೆ ಇದೇ ದನಿಯಲ್ಲಿ ನನ್ನ ಗಂಡನಿಗೆ ಫೋನ್ ಮಾಡಿಸ್ತೀರಿ, ನಾಡಿದ್ದು ಬೈಗುಳ ಬೈಸ್ತೀರಿ. ನಂಗೆ ಉಳಿದದ್ದು ಈ ಒಡಕು ಗಂಟಲು ಮಾತ್ರ, ಚಂದದ್ದೆಲ್ಲ ನಿಮ್ಮ ಮಿಷಿನ್‌ಗಾ? ಮತ್ತೆ, ಕಾಸು ಕೊಟ್ಟೆ ಅಂತೀರಲ್ಲ, ಯಾರಿಗೆ ಕೊಟ್ಟದ್ದು? ನನ್ನ ಕೈಗೆ ಬಂದದ್ದು ನಿಮ್ಮ ಅಂಗಡಿಯ ಒಂದು ಸೀರೆ."

ಸೀರೆ ನೋಡಲು ಬಂದಿದ್ದ ಹೆಂಗಸರು ತಿರುಗಿ ನಿಂತರು. ಜಯರಾಮರಿಗೆ ಅದು ಹಿಡಿಸಲಿಲ್ಲ. "ಸಾರ್ ಕೈಲಿ ಕೊಟ್ಟೆ. ವೀಟು ಕಣಕ್ಕು, ಮನೆ ಲೆಕ್ಕ, ನೀವೇ ನೋಡ್ಕೊಳ್ಳಿ," ಎಂದು ದನಿ ತಗ್ಗಿಸಿದರು. "ಆಯ್ತಮ್ಮಾ. ನಿಮ್ಮ ಒರಿಜಿನಲ್ ಪಾಟಿನಿಂದಲೇ ಸಂಜೆಯೊಳಗೆ ಹೊಸದು ಮಾಡಿ ಕೊಡಿ, ಇದನ್ನ ಅಳಿಸ್ತೀನಿ. ಇಲ್ಲಾಂದ್ರೆ ನಾಳೆ ಇದೇ ಓಡುತ್ತೆ. ಅಂಗಡಿ ತೆರೆಯಬೇಕಲ್ವಾ ನಾನು."

ಆಟೋದಲ್ಲಿ ರಘುರಾಮನ ನಾಲಿಗೆಗೆ ಮತ್ತೆ ಜೀವ ಬಂತು. "ಆಗ ಹಾಡಿಸಿ ಬಳಸದೆ ಬಿಟ್ಟ ಎರಡನೇ ಚರಣ ಉಂಟಲ್ಲ, ಅದನ್ನು ಸೇರಿಸ್ಬಹುದು. ಅಂಗಡಿಯ ವಿಷಯ ನಾನೇ ಮಾತಲ್ಲಿ ಹೇಳ್ತೇನೆ." ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ಅಷ್ಟು ಜನರ ಎದುರು ಸೀರೆಯ ವಿಷಯ ತೆಗೀಬಾರ್ದಿತ್ತು ನೀನು. ನಾನು ಆವತ್ತೇ ಕೇಳಿದ್ದೆ, ನಿಂಗೆ ಎಷ್ಟು ಕೊಡ್ಲಿ ಅಂತ. ನೀನೇ, ಅಯ್ಯೋ ನಮ್ಮನಮ್ಮೊಳಗೆ ಎಂತ ದುಡ್ಡು ಅಂದದ್ದು."

"ನಾನಾ?"

"ಮತ್ತೆ? ನಂಗೆ ಚೆನ್ನಾಗಿ ನೆನಪುಂಟು."

ವಿಮಲಾ ನೆನಪಿಸಿಕೊಳ್ಳಲು ನೋಡಿದಳು. ಹೇಳಿದ್ದರೂ ಹೇಳಿರಬಹುದು. ಹಾಗೆ ಹೇಳುವ ಪೈಕಿಯೇ ಅವಳು. ಅಪ್ಪಯ್ಯನ ಹೋಟೆಲಿನಲ್ಲಿ ಮದುವೆಯಾಗುವವರೆಗೆ ತರಕಾರಿ ಹೆಚ್ಚಿದ್ದಕ್ಕೂ ಅವಳು ಏನೂ ಕೇಳಿರಲಿಲ್ಲ. ಜನರ ಎದುರು ಗಂಡನ ಮಾನ ತೆಗೆದೆನೇನೋ ಎಂದು ಒಂದಿಷ್ಟು ಅಳುಕೂ ಆಯಿತು.

ಮನೆಗೆ ಬಂದು ರಘುರಾಮ ಹಲ್ಲು ಕಚ್ಚಿಕೊಂಡು ಒಂದು ತಿಂಗಳ ಚಂದಾ ಕಟ್ಟಿದ. ಕಟ್ಟಿದ್ದೇ ತಡ, "ಮತ್ತೆ ಸ್ವಾಗತ" ಎಂದು ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಹಾರಾಡಿದವು. ಮಾನಗೆಟ್ಟವರು! ತಮ್ಮದೇ ಮನೆಯಿಂದ ಹೊರಗೆ ದೂಡಿಸಿಕೊಂಡು, ಮತ್ತೆ ಒಳಗೆ ಬರಲು ದುಡ್ಡು ತೆತ್ತವರಿಗೆ ಸ್ವಾಗತವಂತೆ.

ಫೈಲು ತೆರೆಯಿತು. ರಘುರಾಮ ಚೌಕಟ್ಟು ಚೌಕಟ್ಟಾಗಿದ್ದ ಗೀಟುಗಳ ನಡುವೆ ಎರಡನೇ ಚರಣ ಹುಡುಕಿ ಹಾಕಿದ. ತಬಲಾ ಇಲ್ಲ, ಕೀಬೋರ್ಡ್ ಇಲ್ಲ, ಬರೀ ವಿಮಲಾ. ಬೀದಿಯಲ್ಲಿ ಹಾರನ್ನಿನ ಜೊತೆ ಕೇಳಿದ್ದ ದನಿ ಅಲ್ಲ ಅದು. ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ಮೇಲಿನ ಸ್ವರಕ್ಕೆ ಎಷ್ಟು ಸುಲಭವಾಗಿ ಹೋಗಿ ಬರುತ್ತಿತ್ತು! ವಿಮಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಂಚದ ಮೇಲೆ ಕೂತುಬಿಟ್ಟಳು. ಅವಳ ಕಣ್ಣು ತುಂಬಿತು.

ಚರಣ ಮುಗಿಯಿತು. ರಘುರಾಮ ನಿಲ್ಲಿಸುವುದನ್ನು ಮರೆತಿದ್ದ, ಅವನೂ ಕರಗಿದ್ದ. ಧ್ವನಿಮುದ್ರಣ ಮುಂದೆ ಓಡಿತು. ಕುಕ್ಕರು ಸೀಟಿ ಹೊಡೆದದ್ದು, ಬಳೆ ಸದ್ದಾದದ್ದು, ಆಮೇಲೆ ಎಳೆಯ ವಿಮಲಾಳ ನಗು.

"ಅಲ್ಲ ಮಾರಾಯ್ರೆ, ಬೆಳಗ್ಗಿಂದ ಹಾಡಿಸ್ತಾ ಇದ್ದೀರಲ್ಲ, ನಂಗೆ ಎಂತ ಕೊಡ್ತೀರಿ?"

ಸ್ವಲ್ಪ ದೂರದಿಂದ ರಘುರಾಮನ ದನಿ, ಅದೂ ನಗುತ್ತಲೇ: "ನಿಂಗೆ ಎಂತದು ಕೊಡುದು? ಹೊರಗಿನವರಾದ್ರೆ ದುಡ್ಡು ಕೊಡ್ಬೇಕಾಗ್ತದೆ ಅಂತಲೇ ಅಲ್ವಾ ನಿನ್ನನ್ನು ಕರ್ದದ್ದು."

"ಹೌದಾ," ಎಂದಿತು ಆ ಎಳೆಯ ದನಿ. ಈ ಸಲ ಅದರಲ್ಲಿ ನಗು ಇರಲಿಲ್ಲ. ಗಂಟಲು ಸರಿಮಾಡಿಕೊಂಡು, ಶ್ರುತಿ ಹಿಡಿದು, "ಆಡಿ ವಂದಾಚು" ಎಂದು ಮತ್ತೆ ಹಾಡತೊಡಗಿತು.

ರಘುರಾಮನ ಕೈ ತಟ್ಟನೆ ಮೌಸಿಗೆ ಹೋಯಿತು. ಹಾಡು ನಿಂತಿತು. ಅವನು ಹಿಂದೆ ತಿರುಗಲಿಲ್ಲ, ಕಿವಿ ಮಾತ್ರ ಕೆಂಪಗಾಗಿತ್ತು. ಪರದೆಯ ಮೇಲೆ ಮಾತಿನ ಆ ತುಂಡಿಗೆ ಗುರುತು ಹಾಕಿದ. "ಇದೆಲ್ಲ ಬೇಡ ಬಿಡು. ಚರಣ ಮಾತ್ರ ಸಾಕು, ಉಳಿದದ್ದು ಕತ್ತರಿಸ್ತೇನೆ," ಎಂದು ಗೊಣಗಿದ.

ವಿಮಲಾ ಎದ್ದು ಬಂದು ಮೌಸಿನ ಮೇಲಿದ್ದ ಅವನ ಕೈಯನ್ನು ಎತ್ತಿ ಬದಿಗಿಟ್ಟಳು.

"ಅದನ್ನು ಮುಟ್ಟಬೇಡಿ." ಒಡಕು ದನಿ ಈ ಸಲ ಎಲ್ಲಿಯೂ ಅರ್ಧಕ್ಕೆ ನಿಲ್ಲಲಿಲ್ಲ. "ಮೊದಲು ಅದನ್ನೇ ತೆಗೆದು ನನ್ನ ಫೋನಿಗೆ ಹಾಕಿ. ಆಮೇಲೆ ದೇವರನಾಮ, ಆರತಿ ಹಾಡು, ಎಲ್ಲ. ಜಾಹೀರಾತು ಕೊನೆಗೆ."

"ಸಂಜೆಯೊಳಗೆ ಕೊಡ್ಬೇಕಲ್ಲ ಮಾರಾಯ್ತಿ..."

"ಕೊಡುವಾ. ಎಷ್ಟು ತಕ್ಕೊಳ್ಳುದು ಅಂತ ಜಯರಾಮರ ಹತ್ರ ಈ ಸಲ ನಾನು ಮಾತಾಡ್ತೇನೆ," ಎಂದು ವಿಮಲಾ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. "ಈಗ ಅದನ್ನು ಇನ್ನೊಮ್ಮೆ ಹಾಕಿ. ನಿಮ್ಮ ಮಾತಿನಿಂದ ಹಾಕಿ."