ನಲವತ್ತೇಳನೇ ಪ್ಲೇಟು

ನನ್ನ ತಮ್ಮ ಪ್ರಭುದೇವ್ ನನ್ನನ್ನು ಕೇಳಲಿಲ್ಲ, ತಿಳಿಸಿದ. ಎರಡೂ ಬೇರೆ.

"ಅಕ್ಕ, ಅಪ್ಪಾಜಿ ಪ್ಲೇಟುಗಳ್ನ ಮಾರಕ್ಕೆ ಮಾತಾಡಿಬುಟ್ಟೆ. ತುಮಕೂರಿಂದ ಅನಿಲ್ ಕುಮಾರ್ ಅಂತ ಒಬ್ರು ಬತ್ತಾರೆ. ಮುಂದಿನ ತಿಂಗಳು ಎರಡನೇ ಭಾನುವಾರ. ಪೆಟ್ಟಿಗೆಗಳ್ನ ಅಟ್ಟದಿಂದ ಇಳಿಸಿಟ್ಟಿರು."

"ಯಾರನ್ನ ಕೇಳಿ ಮಾತಾಡಿದೆ?"

"ಯಾರ್ನ ಕೇಳ್ಬೇಕು? ಮೈಕ್‌ಸೆಟ್ ನಂದು ಕಣಕ್ಕ. ನಿನ್ನ ಮನೇಲಿ ಜಾಗ ಇತ್ತು ಅಂತ ಇಟ್ಟಿದ್ದು, ಅಷ್ಟೇಯ."

ಫೋನು ಕೆಳಗಿಟ್ಟು ಅಟ್ಟದ ಕಡೆ ನೋಡಿದೆ. ನಾಲ್ಕು ಪೆಟ್ಟಿಗೆ, ನೂರ ಅರವತ್ತಮೂರು ಹಾಡಿನ ಪ್ಲೇಟು, ಗ್ರಾಮಫೋನ್ ರೆಕಾರ್ಡುಗಳು.

ನಮ್ಮ ಅಪ್ಪಾಜಿ ಪರ್ವತಯ್ಯ ಕೊರಟಗೆರೆಯಲ್ಲಿ ಮೂವತ್ತು ವರ್ಷ ಮೈಕ್‌ಸೆಟ್ ನಡೆಸಿದವರು. ಕೊಳಾಲದ ಕಡೆಯ ಮದುವೆಯಾದರೂ ಇವರೇ, ಗೃಹಪ್ರವೇಶವಾದರೂ ಇವರೇ. ಈಗ ಅದೇ ಅಂಗಡಿಯಲ್ಲಿ ಪ್ರಭು ಡಿಜೆ ಮತ್ತು ಶಾಮಿಯಾನ ಇಟ್ಟುಕೊಂಡಿದ್ದಾನೆ. ನಾನು ಮಧುಗಿರಿಯ ಕಾಲೇಜೊಂದರ ಗ್ರಂಥಪಾಲಕಿ, ಕೋಟೆ ಬೀದಿಯ ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಗಂಡನ ಮನೆ ಬಿಟ್ಟು ಬಂದವಳು. ಅಂದಿನಿಂದ ನಮ್ಮ ಬಳಗದ ಲೆಕ್ಕದಲ್ಲಿ ಲೋಹಿತಾ ಎಂದರೆ ಏನನ್ನೂ ಕೇಳದವಳು. ಅಪ್ಪಾಜಿ ಕೊನೆಯ ನಾಲ್ಕು ವರ್ಷ ನನ್ನ ಜೊತೆಗಿದ್ದರು. ಬರುವಾಗ ತಂದದ್ದು ಎರಡು ಜೊತೆ ಪಂಚೆ ಮತ್ತು ಈ ಪೆಟ್ಟಿಗೆಗಳು. ಅವರು ತೀರಿಕೊಂಡು ಆರು ವರ್ಷವಾಯಿತು.

ಆ ಪ್ಲೇಟುಗಳಲ್ಲಿ ಯಾವುದರಲ್ಲಿ ಯಾವ ಹಾಡಿದೆ ಎಂದು ನೋಡಿ ಹೇಳಲು ಸಾಧ್ಯವಿಲ್ಲ. ಆಗ ಪೇಟೆಯಲ್ಲಿ ಮೂರು ಮೈಕ್‌ಸೆಟ್ ಇದ್ದವು. ಹೊಸ ಹಾಡು ಯಾರ ಹತ್ತಿರ ಇದೆಯೋ ಅವರಿಗೆ ಮದುವೆಯ ಕೆಲಸ ಸಿಗುತ್ತಿತ್ತು. ಎದುರಾಳಿ ಕಡೆಯವರು ಊಟದ ನೆಪದಲ್ಲಿ ಬಂದು ಪ್ಲೇಟಿನ ಮೇಲಿನ ಹೆಸರು ಓದಿಕೊಂಡು ಹೋಗಿ, ವಾರದೊಳಗೆ ಅದನ್ನೇ ತರಿಸಿಬಿಡುತ್ತಿದ್ದರು. ಅದಕ್ಕೇ ಅಪ್ಪಾಜಿ ಹೆಸರಿನ ಮೇಲೆ ಕಾಗದ ಅಂಟಿಸಿ ಬರೀ ನಂಬರು ಹಾಕಿಸಿದರು. ಹಾಕಿದವಳು ನಾನು. ಹಳೇ ಕ್ಯಾಲೆಂಡರಿನ ಮೇಲೆ ಲೋಟ ಬೋರಲು ಹಾಕಿ ಗೆರೆ ಎಳೆದು ಕತ್ತರಿಸಿ, ಮೈದಾ ಗಂಜಿಯಲ್ಲಿ ಅಂಟಿಸಿ, ಒಂದು ಮಗ್ಗುಲಿಗೆ ಕಪ್ಪು ಶಾಯಿ, ಇನ್ನೊಂದಕ್ಕೆ ಕೆಂಪು. ಚಪ್ಪರದ ಪಕ್ಕ ಕೂತು ಅವರು ಕೇಳಿದ ನಂಬರು ಎತ್ತಿ ಕೊಡುತ್ತಿದ್ದವಳೂ ನಾನೇ. ಹನ್ನೆರಡು ತುಂಬಿದ ಮೇಲೆ "ಇನ್ನು ಬ್ಯಾಡ ಕಣಮ್ಮ, ಜನ ಒಂಥರಾ ನೋಡ್ತಾರೆ" ಅಂದರು. ನನ್ನ ಜಾಗಕ್ಕೆ ಪ್ರಭು ಹೋದ. ಅವನು ಆ ಜಾಗದಲ್ಲಿ ನಿದ್ದೆ ಹೊಡೆಯುತ್ತಿದ್ದ.

ಪ್ರಭು ಕಳಿಸಿದ ನಂಬರಿಗೆ ಮರುದಿನ ನಾನೇ ಫೋನು ಮಾಡಿದೆ. ಅನಿಲ್ ಕುಮಾರ್ ಬಹಳ ಮರ್ಯಾದೆಯಿಂದ ಮಾತಾಡಿದರು. "ಹೆಸರೇ ಕಾಣಲ್ವಲ್ಲ ಮೇಡಮ್, ಒಟ್ಟಿಗೆ ಒಂದು ರೇಟು ಹಾಕಿಕೊಂಡಿದ್ದೀನಿ. ಒಂದೇ ಒಂದು ರಿಕ್ವೆಸ್ಟು, ದಯವಿಟ್ಟು ಯಾವುದನ್ನೂ ಹಾಡಿಸಬೇಡಿ. ಹಾಳಾಗ್ತವೆ."

ನಾನು ಹೆದರುವ ಹೆಂಗಸು. ಗ್ಯಾಸು ಆಫ್ ಆಗಿದೆಯೇ ಎಂದು ಮೂರು ಸಲ, ಚಿಲಕ ಬಿದ್ದಿದೆಯೇ ಎಂದು ಎರಡು ಸಲ ನೋಡುತ್ತೇನೆ. ಇಂಥವರಿಗೆ ಕಣ್ಣು ಮಾತ್ರ ಚುರುಕಾಗುತ್ತದೆ. ಹಾಡಿಸಿದರೆ ಹಾಳಾಗುತ್ತದೆ ಎನ್ನುವ ಹಾಡಿನ ಪ್ಲೇಟನ್ನು ಈತ ಏಕೆ ಕೊಳ್ಳುತ್ತಿದ್ದಾನೆ? ಕೊಳ್ಳುವುದರಲ್ಲಿ ಏನಿದೆ ಎಂದು ತಿಳಿಯುವ ಆಸೆಯೇ ಇಲ್ಲದ ವ್ಯಾಪಾರಿ ಇರುತ್ತಾನೆಯೇ?

ಹಾಡಿಸುತ್ತೇನೆ ಎಂದುಕೊಂಡೆ. ಹಾಡಿಸಿ, ಕೇಳಿ, ಇಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೆ ಹಾಡಿಸಲು ಏನೂ ಇರಲಿಲ್ಲ. ಅಪ್ಪಾಜಿಯ ಪ್ಲೇಯರನ್ನು ಪ್ರಭು ಎಂದೋ ಗುಜರಿಗೆ ಹಾಕಿದ್ದ. ಹೊಸದರ ಬೆಲೆ ನೋಡಿ ಫೋನು ಪಕ್ಕಕ್ಕಿಟ್ಟೆ. ಮರುದಿನ ರಜೆ ಹಾಕಿ ಸಿರಾ ಬಸ್ಸು ಹತ್ತಿದೆ.

ಸಿರಾದಲ್ಲಿ ರೇಡಿಯೊ ರಿಪೇರಿಯ ವಾಜಿದ್ ಸಾಬರ ಅಂಗಡಿ ಇದೆ. ಈಗ ಅವರು ಮಿಕ್ಸಿ ರಿಪೇರಿ ಮಾಡುತ್ತಾರೆ. ನನ್ನ ಮಾತು ಕೇಳಿ ಕನ್ನಡಕ ಹಣೆಗೇರಿಸಿದರು.

"ಯಾ ಅಲ್ಲಾ! ಇಪ್ಪತ್ತು ವರ್ಷಕ್ಕೆ ಒಬ್ರು ಬಂದ್ರು. ಯಾರಿಗೆ ಮೇಡಮ್, ಯಜಮಾನ್ರಿಗಾ?"

"ನನಗೆ."

"ಒಬ್ರಿಗೇನಾ?"

"ಕಿವಿ ಎರಡಿದ್ದಾವಲ್ಲ."

ಅವರು ನಕ್ಕು, ಮಿಕ್ಸಿಗಳ ಹಿಂದಿನಿಂದ ಧೂಳು ತಿಂದ ಒಂದು ಪ್ಲೇಯರ್ ಎಳೆದರು. ಯಾರೋ ರಿಪೇರಿಗೆ ಕೊಟ್ಟು ಮರೆತದ್ದು. ಬಟನು ಒತ್ತಿದರೆ ಮೋಟಾರು ಗುಂಯ್ ಅಂದಿತು, ತಟ್ಟೆ ತಿರುಗಲಿಲ್ಲ. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. "ಮೋಟಾರ್ ಜಿಂದಾ ಐತೆ, ಬೆಲ್ಟ್ ಖತಂ" ಎಂದು ಸೈಕಲ್ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿ ಹಾಕಿಕೊಟ್ಟರು. ಪ್ಲೇಟಿನ ಮೇಲೆ ಓಡುವ ಮುಳ್ಳು ಹೊಸದು ತರಿಸುವುದೆಂದಾಯಿತು. ಮುಳ್ಳಿನಿಂದ ಬರುವ ಸದ್ದು ತೀರಾ ಸಣ್ಣದಂತೆ, ಅದನ್ನು ಹಿಗ್ಗಿಸಲು ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಪ್ರಿಆಂಪನ್ನು ಅವರೇ ಕೂಡಿಸಿದರು. ಆಂಪ್ಲಿಫೈಯರು ಯಾರೋ ಬಿಸಾಡಿದ ಹೋಮ್ ಥಿಯೇಟರಿನದು. ಗುಜರಿಯಲ್ಲಿ ಎರಡು ಮರದ ಸ್ಪೀಕರು ಸಿಕ್ಕವು, ಅಂಚು ಹರಿದಿತ್ತು. ಹಳೇ ವಾಯಿಲ್ ಸೀರೆಯ ಪಟ್ಟಿ ಕತ್ತರಿಸಿ ಗೋಂದು ಹಚ್ಚಿ ನಾನೇ ಸುತ್ತಲೂ ಅಂಟಿಸಿದೆ. ಎಲ್ಲ ಸೇರಿ ನನ್ನ ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚು.

ಮನೆಯಲ್ಲಿ ಎಲ್ಲ ಜೋಡಿಸಿದ ಮೇಲೆ ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರು ಅಂಟಿಸಿ, ಫೋನಿನಲ್ಲಿ ಗಡಿಯಾರ ಇಟ್ಟು ಎಣಿಸಿದೆ. ಮೂರು ನಿಮಿಷಕ್ಕೆ ನೂರು ಸುತ್ತು ಬರಬೇಕು. ತೊಂಬತ್ತನಾಲ್ಕು ಬಂತು. ಮತ್ತೆ ಎಣಿಸಿದೆ. ತೊಂಬತ್ತನಾಲ್ಕೇ. ಸಾಬರಿಗೆ ಫೋನು ಮಾಡಿದೆ.

"ಆರು ಸುತ್ತಿಗೆ ಇಷ್ಟು ತಕರಾರಾ ಮೇಡಮ್?"

"ಹಾಡೋರು ಜ್ವರ ಬಂದವರ ಹಾಗೆ ಹಾಡ್ತಾರೆ ಸಾಬ್ರೇ."

"ಹಂಗಾದ್ರೆ ದಾರ ಸುತ್ತಿ ಅಳತೆ ತಗೊಳ್ಳಿ. ಅಸಲಿ ಬೆಲ್ಟೇ ತರ್ಸೋಣ."

ಬೆಲ್ಟು ಬರಲು ಐದು ದಿನ. ಅಷ್ಟರಲ್ಲಿ ಕೆಳಗಿನ ಆಭರಣದಂಗಡಿಯ ದೇವರಾಜು ಅವರಿಂದ ಚಿನ್ನ ತೂಗುವ ಪುಟ್ಟ ತಕ್ಕಡಿ ಕೇಳಿ ತಂದೆ. ಮುಳ್ಳು ಪ್ಲೇಟಿನ ಮೇಲೆ ಎರಡು ಗ್ರಾಮಿಗಿಂತ ಹೆಚ್ಚು ಭಾರ ಹಾಕಬಾರದು. "ಏನು ಮೇಡಮ್ ತೂಗೋದು, ಮೂಗುಬೊಟ್ಟಾ?" ಅಂದರು. "ಮುಳ್ಳು" ಅಂದೆ. ಅವರು ಮುಂದೆ ಕೇಳಲಿಲ್ಲ. ಮೇಜಿನ ಮೇಲೆ ಕಡಪ ಕಲ್ಲು ಹಾಸಿ, ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿದೆ. ಸ್ಪೀಕರಿನಿಂದ ಜೇನುಗೂಡಿನಂಥ ಸದ್ದು ಬಂತು. ಅರ್ಥ್ ವೈರು ಬಿಗಿದಾಗ ಒಮ್ಮೆಗೇ ನಿಂತುಹೋಯಿತು.

ಬೆಲ್ಟು ಬಂದ ಸಂಜೆ ಮೂರು ನಿಮಿಷಕ್ಕೆ ಸರಿಯಾಗಿ ನೂರು. ಕೈಗೆ ಬಂದ ಪ್ಲೇಟನ್ನು ಹತ್ತಿಬಟ್ಟೆಯಲ್ಲಿ ಒರೆಸಿ ಇಟ್ಟೆ. ಹತ್ತೊಂಬತ್ತು. ಚರಚರ ಸದ್ದಾಯಿತು, ಆಮೇಲೆ ಹೆಂಗಸಿನ ದನಿ, ಹೆಣ್ಣೊಪ್ಪಿಸುವಾಗ ಹಾಕುತ್ತಿದ್ದ ಹಾಡು. ಸವೆದಿತ್ತು, ನಿಜ. ಆದರೂ ಆಕೆ ಪದಗಳ ನಡುವೆ ಉಸಿರೆಳೆದುಕೊಳ್ಳುವುದು ಕೇಳಿಸಿತು. ಚಪ್ಪರದಲ್ಲಿ ಅದು ಒಮ್ಮೆಯೂ ಕೇಳಿಸಿರಲಿಲ್ಲ. ಅಲ್ಲಿ ಹಾಡು ಊರಿಗೆ. ಇಲ್ಲಿ ನನಗೊಬ್ಬಳಿಗೆ.

ಭಾನುವಾರ ಹನ್ನೊಂದಕ್ಕೆ ಇಬ್ಬರೂ ಬಂದರು. ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಸಾಲಾಗಿಟ್ಟಿದ್ದೆ. ಪ್ರಭುವಿನ ಕಣ್ಣು ಮೇಜಿನ ಮೇಲೆ ಹೋಯಿತು.

"ಏನಕ್ಕ ಇದು? ಅಂಗಡಿ ಇಟ್ಟಿದ್ದೀಯಾ?"

"ಹಾಡಿಸಿಬಿಟ್ರಾ ಮೇಡಮ್?" ಅನಿಲ್ ಕುಮಾರ್ ಅವರ ಮುಖ ಚಿಕ್ಕದಾಯಿತು.

"ನಲವತ್ತು ಹಾಡಿಸಿದೆ. ಯಾವುದೂ ಹಾಳಾಗಲಿಲ್ಲ. ಎರಡರಲ್ಲಿ ತತ್ವಪದ ಇದೆ, ಹಳ್ಳಿಯವರು ಹಾಡಿದ್ದು. ಹಳೇ ಮೈಕ್‌ಸೆಟ್‌ಗಳಲ್ಲಿ ಅಂಥವು ಇರುತ್ತವೆ, ಈಗ ಬೇರೆಲ್ಲೂ ಸಿಗಲ್ಲ ಅಂತ ನಿಮಗೆ ಗೊತ್ತಿತ್ತು ಅನಿಸುತ್ತೆ."

ಅವರು ಕೆಮ್ಮಿದರು. "ರೇಟು ಬೇಕಾದ್ರೆ ಸ್ವಲ್ಪ ನೋಡೋಣ."

"ರೇಟಿನ ಮಾತಲ್ಲ. ಕೊಡಲ್ಲ."

"ಲೇ ಅಕ್ಕ!" ಪ್ರಭುವಿಗೆ ಸಿಟ್ಟು ಬಂದರೆ ನಾನು ಅವನಿಗೆ ತಂಗಿಯಾಗಿಬಿಡುತ್ತೇನೆ. "ದೊಡ್ಡೋರ ಮುಂದೆ ಇಂಗಾ ಆಡೋದು? ಅಪ್ಪಾಜಿ ಮೈಕ್‌ಸೆಟ್ ಯಾರಿಗೆ ಬುಟ್ಟೋಗಿದ್ದು? ಗಂಡುಮಗನಿಗೆ!"

"ನಿಂದಾದರೆ ಹೇಳು. ಮೂವತ್ತೊಂದು ಯಾವ ಹಾಡು?"

"ಅದನ್ನ ತಗೊಂಡು ಏನ್ಮಾಡ್ಲಿ?"

"ಎಂಟು? ಅರವತ್ತು? ಒಂದು ನಂಬರು ಹೇಳು ಸಾಕು."

ಅವನು ಫೋನು ತೆಗೆದು ಟೈಮು ನೋಡಿದ. ನನಗೆ ಗೆದ್ದೆ ಅನಿಸಿತು. ಆಗ ಅನಿಲ್ ಕುಮಾರ್ ಕೊನೆಯ ಪೆಟ್ಟಿಗೆಯಿಂದ, ನಾನಿನ್ನೂ ಮುಟ್ಟಿರದ ಪೆಟ್ಟಿಗೆಯಿಂದ, ಒಂದು ಪ್ಲೇಟು ಎತ್ತಿ ನಯವಾಗಿ ಕೇಳಿದರು. "ನಲವತ್ತೇಳು. ನೀವು ಹೇಳಿ ಮೇಡಮ್."

 ನೆನಪಿತ್ತು. ಧಾರೆಯ ಹೊತ್ತಿಗೆ ಅಪ್ಪಾಜಿ ಬೆರಳು ಮಡಚಿ ತೋರಿಸುತ್ತಿದ್ದದ್ದು ಇದನ್ನೇ. "ನಾದಸ್ವರ" ಅಂದೆ. "ಧಾರೆಯದು."

ಪ್ಲೇಟಿಟ್ಟು ಮುಳ್ಳಿಳಿಸಿದೆ. ಗಂಡ ಹೆಂಡತಿ ಜಗಳ ಶುರುವಾಯಿತು. ಹಾಸ್ಯದ ಸಂಭಾಷಣೆ. ಹೆಂಡತಿ ಪಾತ್ರೆ ಎಸೆಯುತ್ತಿದ್ದಾಳೆ, ಗಂಡ ಸೊಸೈಟಿ ಸಕ್ಕರೆಯ ಬಗ್ಗೆ ಅಳುತ್ತಿದ್ದಾನೆ.

ಪ್ರಭು ಹೊಟ್ಟೆ ಹಿಡಿದುಕೊಂಡು ನಕ್ಕ. "ಧಾರೆ ಚೆನ್ನಾಗಿ ಎರೆದ್ರು ಕಣಕ್ಕ! ಇದಕ್ಕೇನಾ ಇಷ್ಟು ಜಂಭ?"

 ಜೀವಮಾನವಿಡೀ ಇಂಥ ಗಳಿಗೆಗೇ ನಾನು ಹೆದರಿದ್ದು, ನಾಲ್ಕು ಜನರ ಮುಂದೆ ತಪ್ಪಾಗುವುದಕ್ಕೆ. ಅದಕ್ಕೇ ಪಾಲು ಕೇಳಲಿಲ್ಲ, ಅದಕ್ಕೇ ಮಾತು ಅಳೆದು ಆಡಿದೆ. ಈಗ ಆಗಿಯೇ ಹೋಗಿತ್ತು. ಆದರೂ ನಾನು ನಿಂತಲ್ಲೇ ನಿಂತಿದ್ದೆ.

ಮುಳ್ಳೆತ್ತಿದೆ. "ತಪ್ಪು ಹೇಳಿದೆ" ಅಂದೆ. "ಆದರೂ ಕೊಡಲ್ಲ."

"ಅದೆಂಗೆ ಕೊಡಲ್ಲ?"

"ಪರೀಕ್ಷೆ ಪಾಸಾದರೆ ಮಾತ್ರ ನನ್ನದು ಅಂತ ಅಲ್ಲ ಪ್ರಭು. ನೂರ ಅರವತ್ತಮೂರೂ ನೆನಪಿಲ್ಲದಿದ್ದರೂ ನನ್ನವೇ. ಅಂಟಿಸಿದವಳು ನಾನು, ಎತ್ತಿ ಕೊಟ್ಟವಳು ನಾನು, ಈಗ ಕೇಳುವವಳೂ ನಾನು. ನಿನಗೆ ಅಂಗಡಿ ಬಂತು, ಸೈಟು ಬಂತು. ನಾನು ಬಾಯಿ ಬಿಡಲಿಲ್ಲ. ಇದಕ್ಕೆ ಬಿಡ್ತೀನಿ."

"ಮನೆ ವಿಷಯ ಬಗೆಹರಿಸ್ಕೊಂಡು ಹೇಳಿ ಸಾರ್" ಎನ್ನುತ್ತಾ ಅನಿಲ್ ಕುಮಾರ್ ಮೆಟ್ಟಿಲಿಳಿದರು. ಕೆಳಗೆ ಅವರ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಪ್ರಭು ಬಗ್ಗಿ ಮೊದಲ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಅದೇನ್ ಮಾಡ್ತೀಯೋ ಮಾಡು. ತಗೊಂಡೇ ಹೋಗ್ತೀನಿ."

ಅವನ ತೋಳು ಹಿಡಿಯುವ ಬಲ ನನಗಿಲ್ಲ. ನಲವತ್ತೇಳನ್ನು ತೆಗೆದು ಹತ್ತಿರವಿದ್ದ ಸಣ್ಣ ಪ್ಲೇಟು ಇಟ್ಟು, ಅದಕ್ಕೆ ತಕ್ಕ ವೇಗಕ್ಕೆ ಗುಂಡಿ ತಿರುಗಿಸಿ ಮುಳ್ಳಿಳಿಸಿದೆ. ಶಹನಾಯಿ ಬಂತು.

ಪ್ರಭು ಒಂದು ಕಾಲು ಮುಂದಿಟ್ಟವನು ಹಾಗೇ ನಿಂತ.

ಪ್ಲೇಟು ತಿರುಗುವಾಗ ಹತ್ತಿರದಲ್ಲಿ ಹೆಜ್ಜೆ ಎತ್ತಿದರೆ ಅಪ್ಪಾಜಿ ಸುರುಳಿ ಸುತ್ತಿದ ವೈರಿನಿಂದ ಮೀನಖಂಡಕ್ಕೆ ಬಾರಿಸುತ್ತಿದ್ದರು. ಮುಳ್ಳು ಹಾರಿದರೆ ಮದುವೆಮನೆಗೆ ಅಪಶಕುನ. ಬಾರಿಸಿಕೊಂಡವನು ಹೆಚ್ಚಾಗಿ ಇವನೇ. ನಲವತ್ತಾರು ವರ್ಷದ, ಎರಡು ಟೆಂಪೊ ಇರುವ ಮನುಷ್ಯ ಎದೆಗೆ ಪೆಟ್ಟಿಗೆ ಅವಚಿಕೊಂಡು ಕಲ್ಲಿನಂತೆ ನಿಂತಿದ್ದ. ಯಾಕೆ ನಿಂತೆನೆಂದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಒಂದು ನಿಮಿಷವಾಯಿತು. ಅವನ ಹಣೆಯಲ್ಲಿ ಬೆವರು ಮೂಡಿತು.

"ಬೇಗ ಮುಗಿಸೇ ಅದನ್ನ" ಎಂದು ಪಿಸುಗುಟ್ಟಿದ. ಜೋರಾಗಿ ಮಾತಾಡಲೂ ಹೆದರಿಕೆ.

ನಾನು ಸ್ಟೂಲು ಎಳೆದು ಕೂತೆ. ಶಹನಾಯಿ ಮುಗಿಯಿತು. ಅವನು ಹೆಜ್ಜೆ ಎತ್ತುವಷ್ಟರಲ್ಲಿ ಪ್ಲೇಟು ಮಗುಚಿ, ಕೆಂಪು ನಂಬರಿನ ಮಗ್ಗುಲು ಮೇಲೆ ಮಾಡಿ, ಮುಳ್ಳನ್ನು ಮತ್ತೆ ಇಳಿಸಿದೆ.

"ಅಕ್ಕ, ಕೈ ನೋಯ್ತೈತೆ ಕಣೇ."

"ಹಾಗಾದರೆ ಕೆಳಗಿಡು."

ಅವನು ನನ್ನನ್ನೇ ನೋಡಿದ. ನಾನೂ ಕಣ್ಣು ತೆಗೆಯಲಿಲ್ಲ. ಆಮೇಲೆ ಸದ್ದಾಗದಂತೆ, ಬಹಳ ಜೋಪಾನವಾಗಿ, ಮೊಣಕಾಲು ಮಡಚಿ ಪೆಟ್ಟಿಗೆಯನ್ನು ನೆಲಕ್ಕಿಟ್ಟ.