ಜಾಕ್ ಮೇಲೆ ಒಂದೇ ಚಕ್ರ

ಹಿಂದೂಪುರದ ಹೊರಗೆ ಅರುಣ್ ಕುಮಾರನ ಮನೆಯಲ್ಲಿ ಕಡಲೆಕಾಯಿ ಸುಲಿಯುವ ಮಿಷನ್ನಿಗೆ ಮೋಟಾರಿಲ್ಲ. ಜೀಪಿನ ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಅದಕ್ಕೆ ಬೆಲ್ಟ್ ಸುತ್ತಿ, ಗೇರಿಗೆ ಹಾಕಿದರೆ ಸಾಕು. ಎತ್ತಿದ ಚಕ್ರ ತಿರುಗಿ ಮಿಷನ್ ಓಡುತ್ತದೆ. ನೆಲದ ಚಕ್ರ ಸುಮ್ಮನಿರುತ್ತದೆ. ಅಪ್ಪ ಚೆನ್ನಕೇಶವ ಮೊದಲಿನಿಂದ ಹಾಗೆಯೇ ಮಾಡಿಕೊಂಡು ಬಂದಿದ್ದ.

ಅದೇ ಗುಣದಿಂದ ಜೀಪು ಹಳ್ಳದ ಮರಳಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮರಳಲ್ಲಿದ್ದ ಚಕ್ರ ಬರಿದೇ ಗಿರ್ರನೆ ತಿರುಗುವುದು, ಗಟ್ಟಿ ನೆಲದ ಮೇಲಿದ್ದದ್ದು ಕದಲದು. ಕಲ್ಯಾಣದುರ್ಗದ ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅರುಣ್ ಅಪ್ಪನನ್ನು ಅಲ್ಲಿಗೆ ಕರೆಸಿ, ಮೆಕ್ಯಾನಿಕ್ ಅಮರೇಶನ ಕೈಲಿ ಹಿಂದಿನ ಚಕ್ರಗಳ ನಡುವಿನ ಹಳೇ ಡಿಫರೆನ್ಷಿಯಲ್ ಬಿಚ್ಚಿಸಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿದ. ಒಂದು ಚಕ್ರ ಜಾರಿದರೆ ಒಳಗಿನ ಪ್ಲೇಟುಗಳು ಬಿಗಿಹಿಡಿದು ಇನ್ನೊಂದಕ್ಕೂ ಬಲ ಕೊಡುತ್ತವೆ. ನಿನ್ನೆ ಅಪ್ಪ ಖುಷಿಯಾಗಿ ಗಾಡಿ ಓಡಿಸಿಕೊಂಡು ಊರಿಗೆ ಹೋದ.

ಇವತ್ತು ಅರುಣ್ ಅಮರೇಶನ ಗ್ಯಾರೇಜಿಗೆ ಹೋದಾಗ ಅಂಥದೇ ಡಿಫರೆನ್ಷಿಯಲ್ ಹಾಕಿದ್ದ ಇನ್ನೊಂದು ಗಾಡಿ ನಿಂತಿತ್ತು. ಅದರ ಹಿಂದಿನ ಎರಡೂ ಚಕ್ರ ಎತ್ತಿದ್ದರು. ಎರಡೂ ಯಾಕೆ ಎಂದು ಕೇಳಿದ.

"ಒಂದೇ ಎತ್ತಿ ಗೇರಿಗೆ ಹಾಕಿದ್ರೆ ನೆಲದ ಮ್ಯಾಗಿರೋದು ಎಳ್ಕಂಡ್ ಹೋಯ್ತದೆ. ಗಾಡಿ ಜಾಕ್ ಬಿಟ್ಟು ನೆಗೆದ್ಬುಡ್ತದೆ ಕಣಪ್ಪ," ಎಂದ ಅಮರೇಶ್.

ಅರುಣ್ ಜೇಬಿನಿಂದ ಫೋನ್ ತೆಗೆದ. ಬಿತ್ತನೆಗೆ ಇವತ್ತು ಕಾಯಿ ಸುಲಿಸುತ್ತೇವೆ ಎಂದು ಬೆಳಿಗ್ಗೆಯಷ್ಟೇ ಅವ್ವ ಫೋನಿನಲ್ಲಿ ಹೇಳಿದ್ದಳು. ಅವಳು ಮೊರ ಇಟ್ಟುಕೊಂಡು ಕೂತು ಬೀಜ ಆರಿಸುವುದು ಜೀಪಿನ ಮುಂದಿನ ನೆರಳಿನಲ್ಲಿ.

ಅಪ್ಪನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ.

"ಯಾಕ್ಲಾ, ಹುಡುಗಿ ಎತ್ತಾಕಿಲ್ವಾ?" ಎಂದು ಅಮರೇಶ್ ನಕ್ಕ.

ಅವ್ವನ ಫೋನು ಮನೆಯೊಳಗೆ ಚಾರ್ಜಿಗಿರುತ್ತದೆ. ಅದೂ ಒಂದು ಸಲ ಹೊಡೆದುಕೊಂಡು ನಿಂತಿತು. ಎರಡನೇ ಸಲ ಎತ್ತಿದಳು.

"ಏನ್ಲಾ ಒಂದೇ ಸಮ? ಕಾಯಿ ಬಿಟ್ಟು ಎದ್ ಬಂದೆ."

"ಅಪ್ಪನ್ಗೆ ಗೇರಿಗೆ ಹಾಕ್ಬ್ಯಾಡ ಅನ್ನವ್ವ. ನೀನು ಜೀಪಿನ ಮುಂದಕ್ಕೆ ಹೋಗ್ಬ್ಯಾಡ."

"ಈಗ್ತಾನೆ ಸ್ಟಾರ್ಟ್ ಮಾಡ್ದ..."

ಇಂಜಿನ್ ಸದ್ದು ಏರಿತು. ಬೆಲ್ಟ್ ಪಟ್ಟೆಂದು ಕಿತ್ತುಹೋಯಿತು. ಕಲ್ಲಿಗೆ ತಗಡು ಬಡಿದ ಸದ್ದು. ಇಂಜಿನ್ ನಿಂತಿತು. ಅರುಣ್ ಅವ್ವ, ಅವ್ವ ಎನ್ನುತ್ತಲೇ ಇದ್ದ. ಅಮರೇಶ್ ಸ್ಪ್ಯಾನರ್ ಕೆಳಗಿಟ್ಟ.

ಕೊನೆಗೆ ಅವಳ ದನಿ ಬಂತು. ಜೀಪು ಗೋಡೆಗೆ ಹೊಡೆದಿದೆ, ಅಪ್ಪ ಇಳಿದು ನಿಂತಿದ್ದಾನೆ, ಏನೂ ಆಗಿಲ್ಲ ಎಂದಳು. ಮೊರ ಚಕ್ರದ ಕೆಳಗಿದೆ ಎಂದಳು.

"ಅಲ್ಲೇ ಕೂತಿದ್ದೆ ಕಣಪ್ಪ."

ಅಪ್ಪ ಫೋನ್ ಇಸಿದುಕೊಂಡ. ಬೈಯುತ್ತಾನೆಂದು ಅರುಣ್ ಕಾದ. ಅಪ್ಪ ಬೈಯಲಿಲ್ಲ. ಬಿಚ್ಚಿದ ಹಳೇ ಸಾಮಾನು ಅಮರೇಶನ ಹತ್ತಿರ ಇನ್ನೂ ಇದೆಯೇ ಎಂದು ಮಾತ್ರ ಕೇಳಿದ.